ನೋಡಿ ಹೇಳ್ತಿದ್ದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನಮ್ಮ ಬಸ್ಸಿನ ಹೆಂಗಸರ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ನಂಬಲಿಲ್ಲ. ಅವರ ತಮ್ಮನ ಮನೆಗೆ ಫೋನ್ ಮಾಡಿ ಕೇಳಿದೆ. ನಿಜ ಎಂದರು. ಆಮೇಲೆ ಅದೇ ಬೀದಿಯಲ್ಲಿರುವ ನನ್ನ ಚಿಕ್ಕಮ್ಮನಿಗೂ ಫೋನ್ ಮಾಡಿ, ಅವರ ಮನೆ ಮುಂದೆ ಜನ ಸೇರಿದ್ದಾರಾ ಸ್ವಲ್ಪ ಇಣುಕಿ ನೋಡಿ ಎಂದೆ. "ಸಾವಿನ ವಿಷ್ಯದಲ್ಲೂ ಸಾಕ್ಷಿ ಕೇಳ್ತೀಯಲ್ಲೇ, ನಿಂಗೇನು ಬಂದಿದೆ?" ಎಂದು ಚಿಕ್ಕಮ್ಮ ಬೈದರು. ಬೈಯಲಿ. ಒಂದು ಸುದ್ದಿಯನ್ನು ಎರಡು ಕಡೆ ವಿಚಾರಿಸದೆ ನಂಬಬಾರದು ಎನ್ನುವ ನನ್ನ ಮಾತಿಗೆ ಆ ಬಸ್ಸಿನಲ್ಲಿ ತಲೆಯಾಡಿಸುತ್ತಿದ್ದವರು ಅಕ್ಕ ಒಬ್ಬರೇ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲಿನವನ ಎದುರಿಗೇ ಹಾಲು ಮೂಸಿ ನೋಡುವವಳು ನಾನು. ಬೀಗ ಹಾಕಿ ಗೇಟಿನವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವಳು. ಇದೊಂದು ರೋಗ ಎಂದು ನನ್ನ ಗಂಡನ ಅಭಿಪ್ರಾಯ. ಆದರೆ ನನ್ನ ಅನ್ನ ಹುಟ್ಟುವುದೇ ಇದರಿಂದ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಟ್ಯೂಬಿನ ಮೇಲೆ ಬರೆದ ಹೆಸರನ್ನು ಬಂದವರ ಬಾಯಿಂದ ಮತ್ತೊಮ್ಮೆ ಹೇಳಿಸದೆ ನಾನು ಸೂಜಿ ಚುಚ್ಚುವುದಿಲ್ಲ. ಭದ್ರಾವತಿಯಿಂದ ದಿನಾ ಬೆಳಿಗ್ಗೆ ಅದೇ ಬಸ್ಸು, ಮುಂದಿನ ಸೀಟುಗಳಲ್ಲಿ ಹೆಚ್ಚುಕಡಿಮೆ ಅವೇ ಮುಖಗಳು. ಅಂಗಡಿಯವರು, ಆಫೀಸಿನವರು, ಆಯಾಗಳು, ಟೀಚರುಗಳು. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡು, ಮಲವಗೊಪ್ಪ ದಾಟುವುದರೊಳಗೆ ಊರಿನ ಸುದ್ದಿಯೆಲ್ಲ ಮುಗಿಸುವವರು.

ಅಕ್ಕನ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಭದ್ರಾವತಿಯಲ್ಲಿ ಓದಿದವರಲ್ಲಿ ಅರ್ಧ ಜನ ನಗುತ್ತಾರೆ, ಅದು ನನಗೆ ಇಷ್ಟವಿಲ್ಲ. ಬಸ್ಸಿನಲ್ಲಿ ನಾವು ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಿದ್ದೆವು. ಹರೆಯದಲ್ಲೇ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದವರು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಬೋರ್ಡಿನ ತೂತಿಗೆ ಪಿನ್ನು ಸಿಕ್ಕಿಸಿ ಊರೂರನ್ನು ಜೋಡಿಸಿದವರು. ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು, ತಮ್ಮನ ಸಂಸಾರದ ಜೊತೆ ಹಳೇನಗರದಲ್ಲಿದ್ದರು. ಮನೆಯಲ್ಲಿ ಕೂತು ಬೇಜಾರಾಗಿ ಶಿವಮೊಗ್ಗದ ಒಂದು ಜವಳಿ ಅಂಗಡಿಯಲ್ಲಿ ಫೋನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಹಳೆಯ ಅಭ್ಯಾಸ ಹೋಗಿರಲಿಲ್ಲ. ನೀವು ಏನು ಕೇಳಿದರೂ ಮೊದಲು ಅದನ್ನೇ ತಿರುಗಿ ಹೇಳಿ, "ಅಲ್ವಾ?" ಎಂದು ಖಚಿತ ಮಾಡಿಕೊಂಡ ಮೇಲೆಯೇ ಉತ್ತರ. ಮುಖ್ಯವಾದ ಮಾತು ಕೇಳುವಾಗ ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ಎಡಗಿವಿಯನ್ನು ಮುಂದಕ್ಕೆ ತರುತ್ತಿದ್ದರು.

ನಾನು ಅವರನ್ನು ಮೊದಲು ಸರಿಯಾಗಿ ನೋಡಿದ್ದು ಅವರ ಕೈಚೀಲದಿಂದ ಎರಡು ತೆಂಗಿನ ಚಿಪ್ಪು ಹೊರಬಂದ ದಿನ. ಚಿಪ್ಪುಗಳನ್ನು ಬೋರಲು ಹಿಡಿದು ಮುಂದಿನ ಸೀಟಿನ ಹಲಗೆಯ ಮೇಲೆ ಟಕಟಕ ಬಡಿದರು. ಬಸ್ಸಿನೊಳಗೆ ಕುದುರೆ ಓಡಿತು. ಡ್ರೈವರ್ ಕೂಡ ತಿರುಗಿ ನೋಡಿದ.

"ಸಿನಿಮಾದಲ್ಲಿ ಕುದುರೆ ಓಡೋ ಸದ್ದು ಇದೇ ಅಂತೆ ಕಣ್ರೇ. ಕುದುರೆ ಸದ್ದು ಕುದುರೇದಲ್ಲ! ಇಂಟರ್ನೆಟ್ಟಲ್ಲಿ ನೋಡ್ದೆ, ನಿನ್ನೆ ಚಟ್ನಿಗೆ ಒಡೆದ ಕಾಯಿಂದ ಮಾಡಿ ನೋಡ್ದೆ. ಮೂಳೆ ಮುರಿಯೋ ಸದ್ದಿಗೆ ಯಾವ್ದೋ ಪರದೇಶದ ಸೊಪ್ಪಿನ ದಂಟು ಮುರೀತಾರಂತೆ. ನಾನು ನುಗ್ಗೇಕಾಯಿ ಮುರ್ದೆ. ಪಕ್ಕದ ರೂಮಿಂದ ನಮ್ಮ ತಮ್ಮ ಓಡಿ ಬಂದ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಸ್ಸಿನಲ್ಲಿ ಪರಿಚಯವಿಲ್ಲದವರು ಇಷ್ಟು ಖುಷಿಯಿಂದ ಮಾತಾಡಿದರೆ ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತು. ಮೊದಲು ತಮಾಷೆ, ಆಮೇಲೆ ನಂಬರ್ ಇಸಕೊಳ್ಳುವುದು, ಆಮೇಲೆ ಒಂದು ಭಾನುವಾರ ಯಾರದೋ ಮನೆಯಲ್ಲಿ ಮೀಟಿಂಗು, ಕೊನೆಗೆ ಪ್ರೋಟೀನ್ ಪುಡಿಯ ಡಬ್ಬ. ಈ ಹೆಂಗಸು ಏನು ಮಾರಲು ಬಂದಿದ್ದಾರೆ ಎಂದು ತಿಂಗಳುಗಟ್ಟಲೆ ಕಾದೆ. ಡಬ್ಬ ಹೊರಬರಲೇ ಇಲ್ಲ. ಅದರಿಂದ ನನ್ನ ಅನುಮಾನ ಕಡಿಮೆಯಾಗುವ ಬದಲು ಜಾಸ್ತಿಯಾಯಿತು.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರಿಂದ ಗುಂಪಿಗೆ ಒಂದು ಸಂಗತಿ ಬರುತ್ತಿತ್ತು. ಬಾಳೆಹಣ್ಣು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರ್ರಿ ಜಾತಿ, ಸ್ಟ್ರಾಬೆರಿ ಅಲ್ಲ. ಆಕ್ಟೋಪಸ್ಸಿಗೆ ಮೂರು ಹೃದಯ. ಅವರಿಗೊಂದು ಕಟ್ಟುನಿಟ್ಟಿತ್ತು. ಸ್ವತಃ ಮಾಡಿ ನೋಡಿದ್ದಾದರೆ ಕೊನೆಯಲ್ಲಿ 'ನೋಡಿ ಹೇಳ್ತಿದೀನಿ' ಎಂದು ಬರೆಯುವುದು. ಮಾಡಿ ನೋಡಲು ಆಗದಿದ್ದರೆ 'ಓದಿದ್ದು, ನೋಡಿಲ್ಲ' ಎಂದು ಬರೆಯುವುದು. ಆಕ್ಟೋಪಸ್ಸು ಓದಿದ್ದು. ತೆಂಗಿನ ಚಿಪ್ಪು ನೋಡಿದ್ದು. ಈ ಎರಡರಲ್ಲಿ ಒಂದಿಲ್ಲದೆ ಅವರಿಂದ ಏನೂ ಬರುತ್ತಿರಲಿಲ್ಲ.

ಒಮ್ಮೆ ಅಂಗಡಿಯಿಂದ ಸೀರೆಗೆ ಫಾಲ್ಸ್ ಹಚ್ಚುವ ಪಟ್ಟಿ ತಂದರು. ಅದಕ್ಕೆ ಒಂದು ಅರ್ಧ ಸುತ್ತು ಕೊಟ್ಟು, ಎರಡು ತುದಿ ಸೇರಿಸಿ ಹೊಲಿದು ಬಳೆಯ ಹಾಗೆ ಮಾಡಿದ್ದರು. "ಇದನ್ನ ನಡುವೆ ಉದ್ದಕ್ಕೆ ಕತ್ತರಿಸಿದ್ರೆ ಏನಾಗುತ್ತೆ?" ಎಂದು ಕೇಳಿದರು. ಎರಡು ಬಳೆ ಆಗುತ್ತದೆ ಎಂದೆವು. ಕತ್ತರಿಸಿದರು. ಒಂದೇ ಬಳೆ, ಮೊದಲಿನದರ ಎರಡರಷ್ಟು ಉದ್ದ. ನಾನು ಅದನ್ನು ಕೈಗೆ ತೆಗೆದುಕೊಂಡು ಹೊಲಿಗೆ ಬಿಚ್ಚಿ ನೋಡಿದೆ. ಉಳಿದವರಿಗೆ ಸಿಟ್ಟು ಬಂತು. ಅಕ್ಕ ಮಾತ್ರ ತಮ್ಮ ಚೀಲದಿಂದ ಇನ್ನೊಂದು ಪಟ್ಟಿ ಮತ್ತು ಸೂಜಿದಾರ ತೆಗೆದುಕೊಟ್ಟು, "ನೀನೇ ಹೊಲಿ ಮಾರಾಯ್ತಿ, ನನ್ನ ಕೈಯನ್ನ ಯಾಕೆ ನಂಬ್ತೀಯ?" ಎಂದರು.

ಅವರನ್ನು ನಾನು ಒಂದೇ ಒಂದು ಸಲ ಹಿಡಿದಿದ್ದೆ. ಇಪ್ಪತ್ತಮೂರು ಜನ ಸೇರಿದ ಕಡೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಂತೆ. ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿತ್ತಲ್ಲ, ಅಕ್ಕ ಒಬ್ಬೊಬ್ಬರದನ್ನೇ ಓದುತ್ತಾ ಹೋದರು. ಇಬ್ಬರೇನು, ಏಳೆಂಟು ಜನ ಒಂದೇ ದಿನ ಹುಟ್ಟಿದವರು ಸಿಕ್ಕಿದರು. ಅಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಯಾವ ದಿನ ನೋಡಿ" ಎಂದೆ ನಾನು. ಎಲ್ಲವೂ ಜೂನ್ ಒಂದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಕೂಡಿಸಿದ ಹುಟ್ಟುಹಬ್ಬ! ಅಕ್ಕ ಒಂದು ಗಳಿಗೆ ಬಾಯಿ ತೆರೆದುಕೊಂಡು ಕೂತರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಸಂಜೆಯ ಸಂದೇಶದಲ್ಲಿ ನನ್ನ ಹೆಸರು ಹಾಕಿ, ನಾನೇ ತಪ್ಪು ಹಿಡಿದದ್ದೆಂದು ಬರೆದರು. ಸಿಕ್ಕಿಬಿದ್ದದ್ದಕ್ಕೆ ಇಷ್ಟು ಸಂತೋಷಪಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇದರಲ್ಲೂ ಏನೋ ಇದೆ ಎಂದುಕೊಂಡೆ.

ಎಲ್ಲಕ್ಕಿಂತ ಹೆಸರು ಮಾಡಿದ್ದು ನಿಂಬೆಹಣ್ಣಿನ ಗಡಿಯಾರ. ಎರಡು ನಿಂಬೆಹಣ್ಣು, ಅವುಗಳಿಗೆ ಚುಚ್ಚಿದ ಸತುವಿನ ಮೊಳೆ, ತಾಮ್ರದ ತಂತಿ. ಸೆಲ್ಲಿಲ್ಲದ ಪುಟ್ಟ ಗಡಿಯಾರ ಬಸ್ಸಿನಲ್ಲಿ ಅಕ್ಕನ ತೊಡೆಯ ಮೇಲೆ ನಡೆಯತೊಡಗಿತು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ನಿಂತ. ಅಂದಿನಿಂದ ಅಕ್ಕನ ಸಂದೇಶಗಳು ನಮ್ಮ ಗುಂಪನ್ನು ದಾಟಿದವು. ಅಣ್ಣತಮ್ಮಂದಿರ ಗುಂಪು, ಸಂಘದ ಗುಂಪು, ಕಾಲೋನಿಯ ಗುಂಪು. ಹೊಳೆಹೊನ್ನೂರಿನ ನನ್ನ ನಾದಿನಿ ನನಗೇ ತಿರುಗಿ ಕಳಿಸಿ, "ಇವ್ರು ಯಾರೋ ಗೊತ್ತಿಲ್ಲ ಅತ್ತಿಗೆ, ಆದ್ರೆ ಕೊನೇಲಿ 'ನೋಡಿ ಹೇಳ್ತಿದೀನಿ' ಅಂತ ಇದ್ರೆ ಕಣ್ಣು ಮುಚ್ಚಿ ನಂಬಬಹುದಂತೆ" ಎಂದಳು. ಕಣ್ಣು ಮುಚ್ಚಿ ಎಂಬ ಮಾತು ನನಗೆ ಸರಿಬರಲಿಲ್ಲ.

ನಮ್ಮ ಜೊತೆ ಗಿರಿಜಮ್ಮ ಎಂಬವರು ಬರುತ್ತಿದ್ದರು. ಮಲವಗೊಪ್ಪದಲ್ಲಿ ಇಳಿಯುವವರು, ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಸಕ್ಕರೆ ಕಾಯಿಲೆ ಹಳೆಯದು, ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರು ಬಸ್ಸಿನಲ್ಲಿ ಬಾಟಲಿಗಟ್ಟಲೆ ನೀರು ಕುಡಿಯುವುದನ್ನು ನೋಡಿದೆ. ರವಿಕೆಯ ತೋಳು ಸಡಿಲವಾಗಿತ್ತು. ನನ್ನ ಕಣ್ಣಿಗೆ ಅದು ಬಿಸಿಲಿನ ಬಾಯಾರಿಕೆಯಾಗಿ ಕಾಣಲಿಲ್ಲ.

"ಸೂಜಿ ಸರಿಯಾಗಿ ತಗೊಳ್ತಿದೀರಾ ಗಿರಿಜಮ್ಮ?"

"ಬಿಟ್ಟೆ ಕಣಮ್ಮ! ಸೂಜಿ, ಮಾತ್ರೆ ಎಲ್ಲ ಬಿಟ್ಟೆ. ನಮ್ಮ ಅಕ್ಕನೇ ದಾರಿ ತೋರ್ಸಿದ್ರಲ್ಲ" ಎಂದು ಫೋನು ತೆಗೆದು ತೋರಿಸಿದರು.

ಬೇರೆ ಯಾವುದೋ ಗುಂಪಿನಿಂದ ತಿರುಗಿ ಬಂದ ಸಂದೇಶ. ಯಾವುದೋ ಬಳ್ಳಿಯ ಎಲೆಯ ರಸ. ಬರಿಹೊಟ್ಟೆಯಲ್ಲಿ ಕುಡಿಯಬೇಕು, ಕುಡಿಯುವಷ್ಟು ಕಾಲ ಇನ್ಸುಲಿನ್ ಮುಟ್ಟಬಾರದು, ಮುಟ್ಟಿದರೆ ರಸ ಕೆಲಸ ಮಾಡುವುದಿಲ್ಲ. ಕೊನೆಯ ಸಾಲು: 'ನೋಡಿ ಹೇಳ್ತಿದೀನಿ'.

ಬಂತು ನೋಡಿ ಡಬ್ಬ, ಎಂದುಕೊಂಡೆ. ಇಷ್ಟು ವರ್ಷ ಚಿಪ್ಪು, ಪಟ್ಟಿ, ಗಡಿಯಾರ ಎಲ್ಲ ಇದಕ್ಕೇ. ಗಿರಿಜಮ್ಮನನ್ನು ಅಂದೇ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ತೆಗೆದೆ. ಬಂದ ಅಂಕಿಯನ್ನು ನೋಡಿ ನಮ್ಮ ಡಾಕ್ಟರು, ಮಿಷನ್ ಕೆಟ್ಟಿರಬೇಕು, ಇನ್ನೊಮ್ಮೆ ಹಾಕಿ ಎಂದರು. ಇನ್ನೊಮ್ಮೆಯೂ ಅದೇ ಬಂತು. ಹೀಗೇ ಬಿಟ್ಟರೆ ಯಾವ ದಿನ ಬೇಕಾದರೂ ಪ್ರಜ್ಞೆ ತಪ್ಪಿ ಬೀಳುತ್ತಾರೆ, ಎದ್ದೇಳುವುದು ಕಷ್ಟ ಎಂದರು. ಗಿರಿಜಮ್ಮ ಹೆದರಲಿಲ್ಲ. "ರಸ ಒಳಗಿರೋ ಸಕ್ಕರೇನೆಲ್ಲ ಹೊರಗೆ ಹಾಕ್ತಿದೆ, ಅದಕ್ಕೇ ಜಾಸ್ತಿ ತೋರ್ಸುತ್ತೆ" ಎಂದರು. ಅದೂ ಆ ಸಂದೇಶದಲ್ಲೇ ಇತ್ತು.

ಮಾರನೆಯ ದಿನ ಬಸ್ಸಿನಲ್ಲಿ ಅಕ್ಕನ ಮುಖಕ್ಕೇ ಫೋನು ಹಿಡಿದೆ. ಅವರು ಓದಿದರು. ಬಲಗಿವಿ ಮುಚ್ಚಿಕೊಂಡರು, ಕೇಳುವುದಕ್ಕೆ ಏನೂ ಇಲ್ಲದಿದ್ದರೂ. "ಇದು ನಂದಲ್ಲ ಕಣೇ. ನನ್ನ ಕೊನೇ ಸಾಲು ತೆಗೆದು ಯಾರೋ ಇದಕ್ಕೆ ಅಂಟ್ಸಿದಾರೆ."

"ಹಾಗಂತ ನೀವು ಹೇಳ್ತೀರಿ" ಎಂದೆ.

ಅವರು ಆ ಸಂಜೆ ಗುಂಪಿಗೆ ಬರೆದರು. ರಸದ ಮಾತು ನನ್ನದಲ್ಲ, ಇನ್ಸುಲಿನ್ ಬಿಟ್ಟರೆ ಜೀವಕ್ಕೆ ಅಪಾಯ, ದಯವಿಟ್ಟು ಬಿಡಬೇಡಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೊನೆಯಲ್ಲಿ 'ಓದಿದ್ದು, ನೋಡಿಲ್ಲ' ಎಂದು ಹಾಕಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಫೋನ್ ಮಾಡಿ ಬೈದೆ.

"ಮತ್ತೇನು ಹಾಕ್ಲಿ? ನಾನು ರಸ ಕುಡಿದು ನೋಡಿಲ್ಲ, ಸೂಜಿ ಬಿಟ್ಟೂ ನೋಡಿಲ್ಲ. ಡಾಕ್ಟ್ರು ಹೇಳಿದ್ದು, ಓದಿದ್ದು ಅಷ್ಟೆ" ಎಂದರು.

ಗಿರಿಜಮ್ಮ ಮರುದಿನ ಬಸ್ಸಿನಲ್ಲಿ ಎರಡು ಸಂದೇಶಗಳನ್ನೂ ತೆಗೆದು ಎಲ್ಲರ ಮುಂದೆ ನ್ಯಾಯ ಕೇಳಿದರು. "ಇದು ನೋಡಿ ಹೇಳಿದ್ದು, ಇದು ಬರೀ ಓದಿದ್ದು. ನೀವೇ ಬರ್ದಿದೀರಲ್ಲ ಅಕ್ಕ, ನಾನು ಯಾವ್ದನ್ನ ಹಿಡೀಲಿ? ಯಾರೋ ನಿಮ್ಮನ್ನ ಹೆದರ್ಸಿದಾರೆ, ಅದಕ್ಕೇ ಇಲ್ಲ ಅಂತಿದೀರಿ. ನಿಮ್ಮ ಮಾತು ಯಾವತ್ತು ಸುಳ್ಳಾಗಿದೆ ಹೇಳಿ?" ಬಸ್ಸಿನ ಹೆಂಗಸರೆಲ್ಲ ಹೌದು ಹೌದು ಎಂದರು. ಔಷಧಿ ಕಂಪನಿಯವರು ಸುಮ್ಮನೆ ಬಿಡುತ್ತಾರಾ ಎಂದು ಒಬ್ಬ ಟೀಚರೂ ದನಿಗೂಡಿಸಿದರು. ಅಕ್ಕ ಗಿರಿಜಮ್ಮನ ಕೈ ಹಿಡಿದುಕೊಂಡು ಬೇಡಿಕೊಂಡರು. ಮಲವಗೊಪ್ಪ ಬಂತು, ಗಿರಿಜಮ್ಮ ಕೈ ಬಿಡಿಸಿಕೊಂಡು ಇಳಿದು ಹೋದರು. ಇಳಿಯುವಾಗ ಬಾಗಿಲಿನ ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತದ್ದನ್ನು ನಾನೂ ಅಕ್ಕನೂ ನೋಡಿದೆವು.

ಆ ಸಂಜೆ ಅಕ್ಕನಿಂದಲೇ ಗುಂಪಿಗೆ ಹೊಸ ಸಂಗತಿ ಬಂತು. ಫೋನನ್ನು ಪೂರ್ತಿ ಆಫ್ ಮಾಡಿ, ಅದರ ಬೆನ್ನಿಗೆ ಒಂದು ನಿಂಬೆಹಣ್ಣು ಇಟ್ಟು, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಅಕ್ಕಿ ಡಬ್ಬದಲ್ಲಿ ಹೂತಿಡಬೇಕು. ಬೆಳಿಗ್ಗೆಯ ಹೊತ್ತಿಗೆ ಪೂರ್ತಿ ಚಾರ್ಜ್ ಆಗಿರುತ್ತದೆ. ಕರೆಂಟೂ ಬೇಡ, ವೈರೂ ಬೇಡ. 'ನೋಡಿ ಹೇಳ್ತಿದೀನಿ.'

ನಿಂಬೆಹಣ್ಣಿನಿಂದ ಗಡಿಯಾರ ನಡೆದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಚಪ್ಪಾಳೆಗಳು ಸಾಲಾಗಿ ಬಂದವು. ನಾನು ನಿಂಬೆಹಣ್ಣು ಮುಟ್ಟಲಿಲ್ಲ.

ಮರುದಿನ ನಮ್ಮ ಬಸ್ಸಿನ ಮುಂದಿನ ಸೀಟುಗಳೆಲ್ಲ ಖಾಲಿ. ಅಕ್ಕ ಒಬ್ಬರೇ ಕಿಟಕಿಯ ಪಕ್ಕ ಕೂತಿದ್ದರು. "ಏನ್ ಮೇಡಂ, ನಿಮ್ ಗ್ಯಾಂಗಿಗೆಲ್ಲ ಇವತ್ತು ರಜಾನಾ?" ಎಂದ ಕಂಡಕ್ಟರ್. ರಜೆಯಲ್ಲ. ಆಫ್ ಮಾಡಿದ ಫೋನುಗಳು ಅಕ್ಕಿಯೊಳಗೆ ಮಲಗಿದ್ದವು, ಯಾರ ಮನೆಯಲ್ಲೂ ಅಲಾರಂ ಹೊಡೆದಿರಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕೂತೆ. "ನೀನು ಕಟ್ಲಿಲ್ಲ ತಾನೇ?" ಎಂದು ಕೇಳಿದರು.

"ನಾನ್ಯಾಕೆ ಕಟ್ಲಿ? ನೀವು ಹೇಳಿದ್ದು ಒಂದನ್ನೂ ನಾನು ನಂಬಿದವಳಲ್ಲ."

"ಗೊತ್ತು. ಅದಕ್ಕೇ ನಿನ್ನ ಕಂಡ್ರೆ ನಂಗಿಷ್ಟ" ಎಂದರು. ಅವರ ಕಣ್ಣು ಕೆಂಪಾಗಿತ್ತು. ನನ್ನ ಕಡೆ ತಿರುಗಿ ಹೇಳಿದರು: "ಎಕ್ಸ್‌ಚೇಂಜಲ್ಲಿ ಒಂದು ಲೈನಿಗೆ ಇನ್ನೊಂದು ಲೈನಿನ ಮಾತು ಸೇರ್ಕೊಂಡ್ರೆ, ಎಲ್ಲಿಂದ ಸೇರ್ತು ಅಂತ ಹುಡುಕ್ತಾ ಕೂರ್ತಿರ್ಲಿಲ್ಲ ನಾವು. ಮೊದ್ಲು ಪಿನ್ ಕೀಳ್ತಿದ್ವಿ. ಎರಡೂ ಲೈನ್ ಸತ್ತುಹೋಗ್ತಿತ್ತು, ಹೋಗ್ಲಿ. ಆ ರಸದ ಮಾತು ನನ್ನ ಲೈನಲ್ಲಿ ಓಡ್ತಾ ಇದೆ ಕಣೇ. ನಂದೇ ಕಿತ್ತೆ."

ನಾನು ಹುಟ್ಟುಗುಣ ಬಿಡಲಿಲ್ಲ. "ಆ ರಸದ ಮಾತು ನೀವೇ ಬರ್ದು, ಸಿಕ್ಕಿಬಿದ್ದ ಮೇಲೆ ಈ ನಾಟಕ ಆಡ್ತಿದೀರಿ ಅಂತಲೂ ಅನ್ಬಹುದಲ್ವಾ ಅಕ್ಕ?"

"ನಾನೇ ಬರ್ದು ನಾಟಕ ಆಡ್ತಿದೀನಿ. ಅಲ್ವಾ?" ಎಂದು ಪ್ರಶ್ನೆಯನ್ನು ತಿರುಗಿ ಹೇಳಿದರು. "ಅನ್ಬಹುದು. ಒಳ್ಳೇ ಪ್ರಶ್ನೆ. ಇಟ್ಕೋ ಅದನ್ನ. ಆದ್ರೆ ನಿಂಬೆಹಣ್ಣಿನ ಸುಳ್ಳು ಬೇಕಂತಲೇ ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಮತ್ತೆ ನನ್ನ ನಂಬೋಕೆ ಶುರು ಮಾಡ್ತಾರೆ."

ಮಾರನೆಯ ದಿನ ಬಸ್ಸಿನಲ್ಲಿ ಅಕ್ಕನಿಗೆ ಆದ ಮಂಗಳಾರತಿ ನೋಡಲು ಸಂಕಟವಾಗುತ್ತಿತ್ತು. ಒಬ್ಬರಿಗೆ ಅರ್ಧ ದಿನದ ಸಂಬಳ ಹೋಗಿತ್ತು. ಒಬ್ಬರ ಮಗನಿಗೆ ಪರೀಕ್ಷೆಗೆ ಓಡುವ ಹಾಗಾಗಿತ್ತು. ಅಕ್ಕಿ ಡಬ್ಬದಿಂದ ಫೋನು ತೆಗೆದದ್ದನ್ನು ನೋಡಿ ಅತ್ತೆ ಬಿದ್ದು ಬಿದ್ದು ನಕ್ಕರು ಎಂದು ಟೀಚರು ಅತ್ತೇಬಿಟ್ಟರು. ಎಲ್ಲರಿಗಿಂತ ಜೋರು ಗಿರಿಜಮ್ಮನದು. "ಥೂ, ನಿಮ್ಮನ್ನ ದೇವರ ಹಾಗೆ ನಂಬಿದ್ನಲ್ಲ! ಈ ನಿಂಬೆಹಣ್ಣೇ ಸುಳ್ಳು ಅಂದ್ಮೇಲೆ ಆ ರಸಾನೂ ಹೀಗೇ ಹೊಡೆದ ಬುರುಡೆ ತಾನೇ? ನನ್ನ ಜೀವದ ಜೊತೆ ಆಟ ಆಡ್ತಿದ್ರಾ?"

ಅಕ್ಕ ತಲೆ ತಗ್ಗಿಸಿ, "ಹೌದು, ಬುರುಡೆ" ಎಂದರು.

ಗಿರಿಜಮ್ಮ ಆ ದಿನ ಮಲವಗೊಪ್ಪದಲ್ಲಿ ಇಳಿಯಲೇ ಇಲ್ಲ. ನನ್ನ ಜೊತೆಗೇ ಶಿವಮೊಗ್ಗಕ್ಕೆ ಬಂದು ಡಾಕ್ಟರನ್ನು ಕಂಡರು. ಸೂಜಿ ಮತ್ತೆ ಶುರುವಾಯಿತು. ವಾರಗಳ ಮೇಲೆ ನಾನೇ ರಕ್ತ ತೆಗೆದು, ಎರಡು ಸಲ ಹಾಕಿ ನೋಡಿದೆ. ಇಳಿದಿತ್ತು. ಅಕ್ಕನಿಗೆ ಕಿವಿಯಲ್ಲಿ ಹೇಳಿದಾಗ ಅವರು ನನ್ನ ಕೈಯನ್ನು ಒಮ್ಮೆ ಅದುಮಿ ಬಿಟ್ಟರು.

ಅವರನ್ನು ಗುಂಪಿನಿಂದ ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು. ಅವರು ಹಬ್ಬಕ್ಕೆ ಶುಭಾಶಯ ಹಾಕಿದರೂ ಕೆಳಗೆ ನಿಂಬೆಹಣ್ಣಿನ ಚಿತ್ರಗಳು ಬರುತ್ತಿದ್ದವು. ಎಕ್ಸ್‌ಚೇಂಜ್ ಅಕ್ಕ ಹೋಗಿ ನಿಂಬೆಹಣ್ಣಕ್ಕ ಆದರು. ಆ ಹೆಸರು ಹಳೇನಗರದ ಬೀದಿಗೂ ತಲುಪಿತು. ಗಿರಿಜಮ್ಮ ಹುಷಾರಾದರಲ್ಲ, ಇನ್ನಾದರೂ ನಿಜ ಹೇಳೋಣ ಎಂದು ನಾನು ಎಷ್ಟೋ ಸಲ ಕೇಳಿದೆ. ಒಪ್ಪಲಿಲ್ಲ. ರಸದ ಸಂದೇಶ ಇನ್ನೂ ತಿರುಗುತ್ತಿದೆ, ಮೊನ್ನೆ ಹೊಳೆಹೊನ್ನೂರಿನ ಕಡೆಯಿಂದ ಬಂತು, ಅದರ ಕೆಳಗೆ ನನ್ನ ಮಾತಿದೆ, ಆ ಮಾತಿಗೆ ಬೆಲೆ ಇಲ್ಲದಿರುವುದೇ ಒಳ್ಳೆಯದು ಎನ್ನುತ್ತಿದ್ದರು. ಅದನ್ನು ಅಂಟಿಸಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ನನಗೆ ಮೂವರ ಮೇಲೆ ಅನುಮಾನವಿದೆ, ಈಗಲೂ ಅವರ ಕೈಯಿಂದ ಕಾಫಿ ಕುಡಿಯುವುದಿಲ್ಲ.

ಅಕ್ಕನಿಗೆ ಹುಡುಕುವ ಚಟ ಮಾತ್ರ ಹೋಗಲಿಲ್ಲ. ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ಪಿಸುದನಿಯಲ್ಲಿ ಹೇಳಿದರು: ಎಷ್ಟೋ ವರ್ಷದ ಹಿಂದೆ ಒಬ್ಬ ನಟ ಒಂದು ಕಿರುಚುವ ದನಿ ರೆಕಾರ್ಡ್ ಮಾಡಿದನಂತೆ, ಅಂದಿನಿಂದ ನೂರಾರು ಸಿನಿಮಾಗಳಲ್ಲಿ ಗುಂಡು ತಗುಲಿ ಬೀಳುವವರೆಲ್ಲ ಅದೇ ದನಿಯಲ್ಲಿ ಕಿರುಚುವುದಂತೆ. "ಯೋಚ್ನೆ ಮಾಡೇ, ದನಿ ಎಲ್ಲರ ಕಿವೀಲಿದೆ. ಆ ಮನುಷ್ಯ ಯಾರು ಅಂತ ಖಾತ್ರಿಯಾಗಿ ಹೇಳೋರಿಲ್ಲ." ಅದನ್ನು ಗುಂಪಿಗೆ ಬರೆಯಲು ಫೋನಿನಲ್ಲಿ ಹೊಡೆದೂ ಹೊಡೆದರು. 'ಓದಿದ್ದು, ನೋಡಿಲ್ಲ' ಎಂದೂ ಸೇರಿಸಿದರು. ಆಮೇಲೆ ಒಂದೊಂದೇ ಅಕ್ಷರ ಅಳಿಸಿದರು. ಅದನ್ನು ನೋಡುತ್ತಾ ನನಗೆ ಅಳು ಬಂತು. ಜನ್ಮದಲ್ಲಿ ಯಾರನ್ನೂ ನಂಬದ ನಾನು ಆ ಹೊತ್ತಿನಲ್ಲಿ ಅವರನ್ನು ನಂಬಿದೆ. ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದರು.

ಅಕ್ಕ ತೀರಿಕೊಂಡ ಹನ್ನೊಂದನೆಯ ದಿನ ಶಿವಗಣಾರಾಧನೆಗೆ ಬಸ್ಸಿನವರೆಲ್ಲ ಹೋಗಿದ್ದೆವು. ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿತ್ತು. ಗಿರಿಜಮ್ಮ ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೈ ತುಂಬಿಕೊಂಡಿದ್ದಾರೆ, ಮೊನ್ನೆಯಷ್ಟೇ ಮೊಮ್ಮಗಳ ನಾಮಕರಣ ಮಾಡಿದವರು. "ಒಳ್ಳೇಯೋರೇ ಪಾಪ. ಆದ್ರೆ ಬರೀ ಬುರುಡೆ. ಅವ್ರನ್ನ ನಂಬ್ಕೊಂಡು ನಾನು ಹೋಗೇಬಿಡ್ತಿದ್ದೆ" ಎಂದು ಪಕ್ಕದವರಿಗೆ ನಿಂಬೆಹಣ್ಣಿನ ಕಥೆ ಹೇಳಿ ಮುಗಿಸಿದರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಪಿನ್ನು ಕಿತ್ತದ್ದು, ಬೇಕೆಂದೇ ಸುಳ್ಳು ಬರೆದದ್ದು, ಯಾರಿಗಾಗಿ ಬರೆದದ್ದು ಎಂಬುದು.

ಗಿರಿಜಮ್ಮ ನನ್ನ ಮುಖವನ್ನೇ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ನಾನು ಹಾಲಿನವನನ್ನು ನೋಡುವುದು ಹಾಗೆಯೇ.

"ಇದನ್ನ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿದ್ದಲ್ಲ ಗಿರಿಜಮ್ಮ. ನಾನೇ ಪಕ್ಕದಲ್ಲಿ ಕೂತಿದ್ದೆ. ನೋಡಿ ಹೇಳ್ತಿದೀನಿ."

"ಆ ಮಾತಿಗೆ ಒಂದ್ಸಲ ಮೋಸ ಹೋಗಿದೀನಿ ಮಾರಾಯ್ತಿ, ಸಾಕು" ಎಂದರು. ಒಳಗೆ ಎಲೆ ಹಾಕುವ ಸದ್ದು ಕೇಳಿಸಿತು. ಗಿರಿಜಮ್ಮ ಕೈಚೀಲ ತೆರೆದು, ಸೆರಗು ಸ್ವಲ್ಪ ಸರಿಸಿ, ಸೂಜಿ ಚುಚ್ಚಿಕೊಂಡು ಊಟಕ್ಕೆ ಎದ್ದರು.